ಸ್ಕಂಕ್ ಹೊಡೆದ ನಾಯಿ: ವಾಸನೆಗಿಂತ ಮೊದಲು ಗಾಯ ನೋಡಿ

ಅಮೆರಿಕದಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ನಾಲ್ಕಾರು ತಿಂಗಳು ಇರಲು ಹೊರಡುವ ಹಿರಿಯರು ವೈದ್ಯರ ಬಳಿ ಬಂದು ಸಾಮಾನ್ಯವಾಗಿ ಕೇಳುವುದು ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್, ವಿಮಾನದಲ್ಲಿ ಕಾಲು ಊದುವುದು ಇತ್ಯಾದಿ ಸಂಗತಿಗಳನ್ನು. ಮಕ್ಕಳ ಮನೆಯಲ್ಲಿರುವ ನಾಯಿಯ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿಗೆ ಹೋದ ಮೇಲೆ, ಮಕ್ಕಳು ಕೆಲಸಕ್ಕೆ ಹೊರಟರೆಂದರೆ, ನಾಯಿಯನ್ನು ಹಿತ್ತಲಿಗೆ ಬಿಡುವ, ಮತ್ತೆ ಒಳಗೆ ಕರೆದುಕೊಳ್ಳುವ ಕೆಲಸ ಬಹುಮಟ್ಟಿಗೆ ಅಜ್ಜ ಅಜ್ಜಿಯರ ಪಾಲಿಗೇ ಬರುತ್ತದೆ.

ಹಾಗೆ ಬಿಟ್ಟ ನಾಯಿ ಒಂದು ಸಂಜೆ ಮುಖವನ್ನು ನೆಲಕ್ಕೆ ಉಜ್ಜುತ್ತಾ, ಜೊಲ್ಲು ಸುರಿಸುತ್ತಾ ಓಡಿ ಬರುತ್ತದೆ. ಜೊತೆಗೆ ಉಸಿರು ಕಟ್ಟಿಸುವ ದುರ್ವಾಸನೆ. ಕೊಳೆತ ಬೆಳ್ಳುಳ್ಳಿ, ಸುಟ್ಟ ರಬ್ಬರು, ಸೋರುವ ಅಡುಗೆ ಅನಿಲ ಎಲ್ಲವನ್ನೂ ಕೂಡಿಸಿದಂತೆ. ನಾಯಿಗೆ ಸ್ಕಂಕ್ ಹೊಡೆದಿದೆ. ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ವಾಸನೆ ಹೋಗಿಸುವ ಉಪಾಯ ಹುಡುಕತೊಡಗುತ್ತಾರೆ. ಈ ಗಡಿಬಿಡಿಯಲ್ಲಿ ವಾಸನೆಗಿಂತ ಮುಖ್ಯವಾದ ಒಂದು ಪ್ರಶ್ನೆ ಮರೆತೇ ಹೋಗುತ್ತದೆ: ಆ ಪ್ರಾಣಿ ಬರೀ ಸಿಂಪಡಿಸಿ ಹೋಯಿತೋ, ಕಚ್ಚಿಯೂ ಹೋಯಿತೋ?

ನಾಯಿಯ ಚಿಕಿತ್ಸೆ ಪಶುವೈದ್ಯರ ಕೆಲಸ ನಿಜ. ಆದರೆ ನಾಯಿಯನ್ನು ಹಿಡಿದು ತೊಳೆಯುವವರು ಮನುಷ್ಯರು. ಆದ್ದರಿಂದ ಈ ವಿಷಯ ಮನುಷ್ಯರ ಆರೋಗ್ಯದ ಅಂಕಣದಲ್ಲಿ ಬರುವುದು ಅಗತ್ಯವೇ.

ಸ್ಕಂಕ್ ಎಂದರೆ ಏನು?

ಸ್ಕಂಕ್ ನಮ್ಮ ದೇಶದಲ್ಲಿಲ್ಲ. ಆದ್ದರಿಂದ ಅದಕ್ಕೆ ಕನ್ನಡದಲ್ಲಿ ರೂಢಿಯ ಹೆಸರೂ ಇಲ್ಲ. ನಮ್ಮ ಪುನುಗು ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಬೆಕ್ಕಿನ ಗಾತ್ರ, ಕಪ್ಪು ಮೈ, ಬೆನ್ನ ಮೇಲೆ ಎರಡು ಬಿಳಿ ಪಟ್ಟೆ, ಪೊದೆಯಂಥ ಬಾಲ – ಇದು ಅಮೆರಿಕದಲ್ಲಿ ಹೆಚ್ಚಾಗಿ ಕಾಣುವ ಪಟ್ಟೆ ಸ್ಕಂಕ್. ಕೆನಡಾದಿಂದ ಮೆಕ್ಸಿಕೋದ ಉತ್ತರ ಭಾಗದವರೆಗೂ ಇದರ ವಾಸ. ಹುಳುಹುಪ್ಪಟೆ, ಇಲಿ, ಹಣ್ಣು, ಕಸದ ಡಬ್ಬಿಯ ಮುಸುರೆ ಯಾವುದಾದರೂ ಸರಿ, ತಿನ್ನುತ್ತದೆ. ಸಂಜೆ ಕತ್ತಲಾದ ಮೇಲೆ ಹೊರಬಂದು ಬೆಳಗಿನ ಜಾವದವರೆಗೆ ತಿರುಗುತ್ತದೆ. ಮನೆಯ ಹಿಂಬದಿಯ ಮರದ ಜಗಲಿಯ ಕೆಳಗೆ ಬಿಲ ಮಾಡಿಕೊಂಡು ಸಂಸಾರ ಹೂಡುವುದೂ ಉಂಟು.

ಇದು ಜಗಳಗಂಟ ಪ್ರಾಣಿಯಲ್ಲ. ಶತ್ರು ಹತ್ತಿರ ಬಂದರೆ ಮೊದಲು ಮುಂಗಾಲುಗಳಿಂದ ನೆಲವನ್ನು ತಟ್ಟುತ್ತದೆ, ಬುಸುಗುಟ್ಟುತ್ತದೆ, ಬಾಲ ಎತ್ತುತ್ತದೆ. ಇಷ್ಟು ಎಚ್ಚರಿಕೆ ಕೊಟ್ಟರೂ ಎದುರಿಗಿರುವವರು ಸರಿಯದಿದ್ದರೆ ಬಾಲದ ಬುಡದಲ್ಲಿರುವ ಎರಡು ಗ್ರಂಥಿಗಳಿಂದ ಹಳದಿ ಬಣ್ಣದ ಎಣ್ಣೆಯಂಥ ದ್ರವವನ್ನು ಚಿಮ್ಮಿಸುತ್ತದೆ. ಸುಮಾರು 3 ಮೀಟರ್ ದೂರದವರೆಗೆ ಗುರಿ ತಪ್ಪುವುದಿಲ್ಲ. ಮನುಷ್ಯರಾದರೆ ಎಚ್ಚರಿಕೆ ಅರಿತು ಹಿಂದೆ ಸರಿಯುತ್ತಾರೆ. ನಾಯಿಗೆ ಅದೊಂದು ಆಟದಂತೆ ತೋರಿ ಮೂಗು ಚಾಚಿಕೊಂಡು ಮುಂದೆ ಹೋಗುತ್ತದೆ. ಆದ್ದರಿಂದಲೇ ಹೆಚ್ಚಿನ ಸಲ ಏಟು ಬೀಳುವುದು ನಾಯಿಯ ಮುಖಕ್ಕೇ.

ಆ ವಾಸನೆ ಏಕೆ ಹೋಗುವುದಿಲ್ಲ?

ಈ ದ್ರವದಲ್ಲಿರುವುದು ಥಯಾಲ್ ಎಂಬ ಗಂಧಕದ ಸಂಯುಕ್ತಗಳು. ಗಂಧಕದ ಸಂಯುಕ್ತಗಳ ಘಾಟು ನಮಗೆ ಹೊಸದಲ್ಲ. ಈರುಳ್ಳಿ, ಬೆಳ್ಳುಳ್ಳಿ, ಇಂಗು ಇವುಗಳ ವಾಸನೆಗೂ ಇಂಥವೇ ಕಾರಣ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಸಿಲಿಂಡರಿನ ಅನಿಲಕ್ಕೆ ಬೆರೆಸುವ ಈಥೈಲ್ ಮರ್‌ಕ್ಯಾಪ್ಟನ್ ಸಹ ಒಂದು ಥಯಾಲ್. ಇಂಥ ವಸ್ತು ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ.

ಸ್ಕಂಕ್ ದ್ರವದಲ್ಲಿ ಇನ್ನೊಂದು ಗುಂಪಿನ ವಸ್ತುಗಳೂ ಇವೆ. ಥಯೋಅಸಿಟೇಟ್ ಎಂದು ಇವುಗಳ ಹೆಸರು. ಇವುಗಳಿಗೆ ತಮ್ಮಷ್ಟಕ್ಕೆ ಅಷ್ಟೊಂದು ವಾಸನೆ ಇಲ್ಲ. ಆದರೆ ನೀರು ತಗುಲಿದಾಗ ನಿಧಾನವಾಗಿ ಒಡೆದು ಥಯಾಲ್‌ಗಳಾಗುತ್ತವೆ. ತೊಳೆದು ಒಣಗಿಸಿದ ನಾಯಿ ಎರಡು ವಾರದ ಮೇಲೆ ಮಳೆಯಲ್ಲಿ ನೆನೆದು ಬಂದಾಗ ಮತ್ತೆ ನಾರುವುದು ಇದರಿಂದಲೇ. ಮೇಲಾಗಿ ದ್ರವ ಎಣ್ಣೆಯಂಥದ್ದಾದ ಕಾರಣ ಬರೀ ನೀರಿಗೆ ಬಿಡುವುದಿಲ್ಲ.

ಟೊಮೇಟೊ ರಸದಲ್ಲಿ ಮೀಯಿಸಬೇಕೆಂಬ ಮಾತು ಅಮೆರಿಕದಲ್ಲಿ ಬಹಳ ಹಳೆಯದು. ಅಕ್ಕಪಕ್ಕದವರು ನಿಮಗೂ ಹೇಳಿಯಾರು. ಇದರಿಂದ ವಾಸನೆ ಹೋಗುವುದಿಲ್ಲ. ಒಂದೇ ವಾಸನೆಯನ್ನು ಬಹಳ ಹೊತ್ತು ಮೂಸಿದ ಮೂಗು ಸೋತು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಆಗ ಟೊಮೇಟೊ ವಾಸನೆ ಮಾತ್ರ ಮೂಗಿಗೆ ತಾಗುತ್ತದೆ, ವಾಸನೆ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಹೊರಗಿನಿಂದ ಹೊಸಬರು ಬಂದ ಕೂಡಲೇ ನಿಜ ಬಯಲಾಗುತ್ತದೆ. ಸುಗಂಧ ದ್ರವ್ಯ ಚಿಮುಕಿಸುವುದೂ ಹೀಗೆಯೇ ವ್ಯರ್ಥ.

ಮೊದಲ ಹತ್ತು ನಿಮಿಷ

ನಾಯಿಯನ್ನು ಮನೆಯೊಳಗೆ ಬಿಡಬೇಡಿ. ಒಮ್ಮೆ ಒಳಗೆ ಬಂದು ನೆಲಹಾಸಿನ ಮೇಲೆ, ಸೋಫಾದ ಮೇಲೆ ಉರುಳಿತೆಂದರೆ ವಾಸನೆ ವಾರಗಟ್ಟಲೆ ಉಳಿಯುತ್ತದೆ. ಹೊರಗೇ ಕಟ್ಟಿಹಾಕಿ, ಬಾಗಿಲು ಮುಚ್ಚಿ.

ಹಳೆಯ ಬಟ್ಟೆ ಹಾಕಿಕೊಳ್ಳಿ. ಕೈಗೆ ರಬ್ಬರು ಗವಸು ಇರಲೇಬೇಕು. ಇದು ವಾಸನೆಗೆ ಹೆದರಿ ಹಾಕಿಕೊಳ್ಳುವ ಗವಸಲ್ಲ. ಸ್ಕಂಕ್ ನಾಯಿಯೊಂದಿಗೆ ಕಚ್ಚಾಡಿದ್ದರೆ ಅದರ ಜೊಲ್ಲು ನಾಯಿಯ ರೋಮದ ಮೇಲೆ ಹಸಿಯಾಗಿಯೇ ಇರಬಹುದು. ನಿಮ್ಮ ಕೈಯಲ್ಲಿ ಈರುಳ್ಳಿ ಹೆಚ್ಚುವಾಗ ಆದ ಒಂದು ಸಣ್ಣ ಗಾಯ ಇದ್ದರೂ ಆ ಜೊಲ್ಲು ಅದಕ್ಕೆ ತಾಗಬಾರದು.

ಈಗ ಟಾರ್ಚ್ ಹಿಡಿದು ನಾಯಿಯ ಮೂತಿ, ತುಟಿ, ಕಿವಿ, ಕುತ್ತಿಗೆ, ಮುಂಗಾಲುಗಳನ್ನು ರೋಮ ಸರಿಸಿ ನೋಡಿ. ಹಲ್ಲು ನಾಟಿದ ಗುರುತು, ಪರಚಿದ ಗೀರು, ರಕ್ತ ಇದೆಯೇ? ದಟ್ಟ ರೋಮದ ನಾಯಿಯಲ್ಲಿ ಸಣ್ಣ ಗಾಯ ಕಣ್ಣಿಗೆ ಬೀಳದೆ ಹೋಗುತ್ತದೆ. ಆದ್ದರಿಂದ ನಿಧಾನವಾಗಿ ನೋಡಿ. ಗಾಯವಿದ್ದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಆ ರಾತ್ರಿಯೇ ಪಶುವೈದ್ಯರಿಗೆ ತಿಳಿಸಿ. ಮಕ್ಕಳು ಮನೆಯಲ್ಲಿಲ್ಲದಿದ್ದರೆ ಫೋನು ಮಾಡಿ ಹೇಳಿ.

ನಾಯಿಯ ಕಣ್ಣು ಕೆಂಪಾಗಿದ್ದರೆ ಹದವಾದ ನೀರನ್ನು ಕಣ್ಣಿನ ಮೇಲೆ ಮೆಲ್ಲಗೆ ಹರಿಯಬಿಡಿ. ನಿಮ್ಮ ಕಣ್ಣಿಗೇ ದ್ರವ ಸಿಡಿದಿದ್ದರೆ 15 ನಿಮಿಷ ನಲ್ಲಿಯ ನೀರಿನಿಂದ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದುಬಿಡಿ. ಉರಿ, ನೀರು ಸುರಿಯುವುದು, ಸ್ವಲ್ಪ ಹೊತ್ತು ಮಂಜಾಗಿ ಕಾಣುವುದು ಸಾಮಾನ್ಯ. ಕೆಲವು ತಾಸುಗಳ ಮೇಲೂ ನೋವು ಇಳಿಯದಿದ್ದರೆ ಅಥವಾ ದೃಷ್ಟಿ ತಿಳಿಯಾಗದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಉಬ್ಬಸದ ತೊಂದರೆ ಇರುವವರು, ಚಿಕ್ಕ ಮಕ್ಕಳು ಈ ಕೆಲಸದಿಂದ ದೂರವಿರಲಿ. ಆ ಘಾಟಿಗೆ ಉಬ್ಬಸ ಕೆರಳಬಹುದು.

ವಾಸನೆ ತೆಗೆಯುವ ಮಿಶ್ರಣ

1993ರಲ್ಲಿ ಇಲಿನಾಯ್ ರಾಜ್ಯದ ಪಾಲ್ ಕ್ರೆಬಾಮ್ ಎಂಬ ರಸಾಯನ ವಿಜ್ಞಾನಿ ಒಂದು ಸುಲಭ ವಿಧಾನವನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಗಂಧಕದ ದುರ್ವಾಸನೆ ತಡೆಯಲು ತಾವು ಬಳಸುತ್ತಿದ್ದ ದ್ರಾವಣವನ್ನೇ ಅವರು ಸ್ವಲ್ಪ ಮೆದುಗೊಳಿಸಿ, ಸಹೋದ್ಯೋಗಿಯೊಬ್ಬರ ಬೆಕ್ಕಿಗೆ ಸ್ಕಂಕ್ ಹೊಡೆದಾಗ ಸೂಚಿಸಿದ್ದರು. ಇಂದಿಗೂ ಅದಕ್ಕಿಂತ ಒಳ್ಳೆಯ ಮನೆಮದ್ದು ಬಂದಿಲ್ಲ. ಬೇಕಾಗುವ ವಸ್ತುಗಳು ಇಷ್ಟೇ:

1. ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ – ಒಂದು ಕ್ವಾರ್ಟ್, ಅಂದರೆ ಸುಮಾರು 950 ಮಿ.ಲೀ.
2. ಅಡುಗೆ ಸೋಡಾ – ಕಾಲು ಕಪ್.
3. ಪಾತ್ರೆ ತೊಳೆಯುವ ದ್ರವ ಸೋಪು – ಒಂದೆರಡು ಚಹಾ ಚಮಚ.

ಸೋಪು ಎಣ್ಣೆಯಂಶವನ್ನು ಬಿಡಿಸುತ್ತದೆ. ಪೆರಾಕ್ಸೈಡ್ ತನ್ನ ಆಮ್ಲಜನಕವನ್ನು ಕೊಟ್ಟು ಥಯಾಲ್‌ಗಳನ್ನು ವಾಸನೆಯಿಲ್ಲದ ಬೇರೆ ವಸ್ತುಗಳನ್ನಾಗಿ ಮಾರ್ಪಡಿಸುತ್ತದೆ. ಸೋಡಾ ಈ ಕೆಲಸವನ್ನು ಚುರುಕುಗೊಳಿಸುತ್ತದೆ. ವಾಸನೆಯನ್ನು ಮುಚ್ಚಿಹಾಕುವ ಬದಲು ಅದರ ಮೂಲವನ್ನೇ ಬದಲಾಯಿಸುವುದರಿಂದ ಈ ವಿಧಾನ ಫಲ ಕೊಡುತ್ತದೆ.

ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ನೊರೆ ಏಳುತ್ತಿರುವಾಗಲೇ ಹಚ್ಚಿ. ಮೊದಲೇ ಬರೀ ನೀರು ಸುರಿಯಬೇಡಿ. ಒಣ ಮೈಗೇ ಹಚ್ಚಿ, ರೋಮದ ಬುಡದವರೆಗೆ ಬೆರಳಾಡಿಸಿ ಉಜ್ಜಿ. ಸುಮಾರು 5 ನಿಮಿಷ ಬಿಟ್ಟು ಬೆಚ್ಚಗಿನ ನೀರಿನಿಂದ ಚೆನ್ನಾಗಿ ತೊಳೆಯಿರಿ. ಮುಖಕ್ಕೆ ಸುರಿಯಬಾರದು. ಬಟ್ಟೆ ಅದ್ದಿ ಹಿಂಡಿ, ಕಣ್ಣು, ಮೂಗು, ಬಾಯಿಗೆ ತಾಗದಂತೆ ಒರೆಸಬೇಕು. ಪೆರಾಕ್ಸೈಡ್ ಕಣ್ಣಿನ ಪಾರದರ್ಶಕ ಪೊರೆಗೆ ಹಾನಿ ಮಾಡುತ್ತದೆ. ಹೊಟ್ಟೆಗೆ ಹೋದರೆ ನಾಯಿ ವಾಂತಿ ಮಾಡಿಕೊಳ್ಳುತ್ತದೆ. ಆದ್ದರಿಂದ ನೆಕ್ಕಲು ಬಿಡಬೇಡಿ. ತೆರೆದ ಗಾಯದ ಮೇಲೂ ಹಚ್ಚಬೇಡಿ. ವಾಸನೆ ಉಳಿದಿದ್ದರೆ ಹೊಸದಾಗಿ ಬೆರೆಸಿ ಇನ್ನೊಮ್ಮೆ ಮಾಡಬಹುದು. ದೊಡ್ಡ ನಾಯಿಯಾದರೆ ಒಂದು ಕ್ವಾರ್ಟ್ ಉಗುರು ಬೆಚ್ಚಗಿನ ನೀರು ಸೇರಿಸಿಕೊಳ್ಳಬಹುದು. ಕಪ್ಪು ರೋಮ ಸ್ವಲ್ಪ ಕೆಂಚಾದೀತು, ಗಾಬರಿ ಬೇಡ.

ಈ ತಪ್ಪುಗಳನ್ನು ಮಾಡದಿರಿ

ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಇಡಬಾರದು. ಹುಣಿಸೆ ತೊಕ್ಕಿನಂತೆ ಮಾಡಿಟ್ಟುಕೊಳ್ಳುವ ಪದಾರ್ಥವಲ್ಲ ಇದು. ಒಳಗೆ ಆಮ್ಲಜನಕ ಬಿಡುಗಡೆಯಾಗುತ್ತಲೇ ಇದ್ದು ಬಾಟಲಿ ಸಿಡಿಯುತ್ತದೆ. ಉಳಿದದ್ದನ್ನು ಧಾರಾಳ ನೀರಿನೊಂದಿಗೆ ಚರಂಡಿಗೆ ಸುರಿದುಬಿಡಿ.

ಪೆರಾಕ್ಸೈಡ್ ಬಾಟಲಿಯ ಮೇಲೆ ಶೇ 3 ಎಂದಿರಬೇಕು. ಅಮೆರಿಕದ ಔಷಧ ಅಂಗಡಿಗಳಲ್ಲಿ ಕಂದು ಬಣ್ಣದ ಬಾಟಲಿಯಲ್ಲಿ ಅಗ್ಗವಾಗಿ ಸಿಗುವುದು ಇದೇ. ಕೂದಲಿಗೆ ಬಣ್ಣ ಹಾಕುವವರು ಬಳಸುವಂಥದ್ದು ಇನ್ನೂ ಪ್ರಬಲವಾದದ್ದು, ಅದರಿಂದ ಚರ್ಮ ಸುಡುತ್ತದೆ. ನಮ್ಮ ಊರಿನ ಔಷಧ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆರಾಕ್ಸೈಡೂ ಶೇ 3ಕ್ಕಿಂತ ಸುಮಾರು ಇಮ್ಮಡಿ ಪ್ರಬಲವಾದದ್ದು ಎಂಬುದು ತಿಳಿದಿರಲಿ.

ಅಡುಗೆ ಸೋಡಾ, ಬೇಕಿಂಗ್ ಪೌಡರ್, ಬಟ್ಟೆ ಸೋಡಾ ಮೂರೂ ಬೇರೆ ಬೇರೆ. ಅಲ್ಲಿಯ ಅಂಗಡಿಯಲ್ಲಿ ಬೇಕಿಂಗ್ ಸೋಡಾ ಎಂದು ಬರೆದಿರುವುದೇ ನಮ್ಮ ಅಡುಗೆ ಸೋಡಾ.

ನಾಯಿಯ ಮೈಗೆ ಬ್ಲೀಚ್ ಹಾಕಬಾರದು. ಬ್ಲೀಚನ್ನು ಅಮೋನಿಯಾ ಇರುವ ಶುಚಿಕಾರಕಗಳೊಂದಿಗೆ ಬೆರೆಸಿದರೆ ವಿಷಾನಿಲ ಬರುತ್ತದೆ. ನಿಮ್ಮ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಂದಿಗೆ ಸೇರಿಸದೆ, ಸೋಪಿನ ಪುಡಿಯ ಜೊತೆ ಸ್ವಲ್ಪ ಅಡುಗೆ ಸೋಡಾ ಹಾಕಿ ಪ್ರತ್ಯೇಕವಾಗಿ ಒಗೆಯಿರಿ.

ಇಷ್ಟಾದ ಮೇಲೆ ಎರಡು ಮೂರು ದಿನ ನಾಯಿಯ ಮೇಲೆ ಕಣ್ಣಿರಲಿ. ಒಂದೆರಡು ಬಾರಿ ವಾಂತಿ, ಜೊಲ್ಲು ಇರಬಹುದು. ಅಪರೂಪವಾಗಿ ಸ್ಕಂಕ್ ದ್ರವ ಹೆಚ್ಚು ಪ್ರಮಾಣದಲ್ಲಿ ಮೈಸೇರಿದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ನಾಯಿ ಮಂಕಾಗಿ ಬಿದ್ದುಕೊಂಡಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ಅಥವಾ ಕಂದಾಗಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ರೇಬಿಸ್: ಅಲ್ಲಿಯ ಲೆಕ್ಕವೇ ಬೇರೆ

ನಮ್ಮಲ್ಲಿ ರೇಬಿಸ್ ಎಂದರೆ ಬೀದಿನಾಯಿ ನೆನಪಾಗುತ್ತದೆ. ಅಮೆರಿಕದಲ್ಲಿ ಬೀದಿನಾಯಿ ಕಾಣುವುದು ಅಪರೂಪ, ಸಾಕುನಾಯಿಗಳಿಗೆ ಲಸಿಕೆ ಆಗಿರುತ್ತದೆ. ನಾಯಿಯಿಂದ ನಾಯಿಗೆ ಹರಡುವ ರೇಬಿಸ್ ತಳಿ ಅಲ್ಲಿ ಇಲ್ಲವಾಗಿದೆಯೆಂದು 2007ರಲ್ಲಿ ಸಾರಲಾಯಿತು. ಹಾಗಾಗಿ ನಮ್ಮ ಹಿರಿಯರು ಅಲ್ಲಿ ರೇಬಿಸ್ ಭಯವೇ ಇಲ್ಲವೆಂದುಕೊಳ್ಳುತ್ತಾರೆ. ಆದರೆ ಕಾಡುಪ್ರಾಣಿಗಳಲ್ಲಿ ರೋಗ ಉಳಿದಿದೆ. ಅಲ್ಲಿ ಪತ್ತೆಯಾಗುವ ರೇಬಿಸ್ ಪೀಡಿತ ಪ್ರಾಣಿಗಳಲ್ಲಿ ಶೇ 90ಕ್ಕೂ ಹೆಚ್ಚು ಕಾಡುಪ್ರಾಣಿಗಳೇ. ಬಾವಲಿ, ರಕೂನ್, ನರಿ, ಸ್ಕಂಕ್ ಇವು ಮುಖ್ಯವಾದವು. ನಮ್ಮವರು ಬಹಳ ಮಂದಿ ಇರುವ ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್ ಎರಡರಲ್ಲೂ ಸ್ಕಂಕ್‌ಗಳ ನಡುವೆ ಹರಡುವ ರೇಬಿಸ್ ಇದೆ.

ಒಂದು ಸಮಾಧಾನದ ಮಾತು ಮೊದಲೇ ಹೇಳಬೇಕು. ಸ್ಕಂಕ್ ಸಿಂಪಡಿಸಿದ ದ್ರವದಿಂದ ರೇಬಿಸ್ ಬರುವುದಿಲ್ಲ. ಬರುವುದು ಜೊಲ್ಲಿನಿಂದ. ಕಚ್ಚಿದಾಗ ಅಥವಾ ತೆರೆದ ಗಾಯಕ್ಕೆ, ಕಣ್ಣು ಬಾಯಿಗಳ ಒಳಪೊರೆಗೆ ಜೊಲ್ಲು ತಾಗಿದಾಗ ಅಪಾಯ. ನಾಯಿಯ ಮೈಮೇಲೆ ವಾಸನೆ ಮಾತ್ರವಿದ್ದು ಗಾಯವೇ ಇಲ್ಲದಿದ್ದರೆ ಅನಗತ್ಯವಾಗಿ ಹೆದರಬೇಕಾಗಿಲ್ಲ. ಹಾಗಿದ್ದರೂ ಪಶುವೈದ್ಯರಿಗೆ ವಿಷಯ ತಿಳಿಸಿ, ನಾಯಿಯ ರೇಬಿಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳಿ. ಹಗಲು ಹೊತ್ತಿನಲ್ಲಿ ತೂರಾಡುತ್ತಾ ತಿರುಗುವ, ಕಾರಣವಿಲ್ಲದೆ ಮೈಮೇಲೆ ಬರುವ ಸ್ಕಂಕ್ ಕಂಡರೆ ಹತ್ತಿರ ಸುಳಿಯದೆ ಸ್ಥಳೀಯ ಪ್ರಾಣಿ ನಿಯಂತ್ರಣ ಕಚೇರಿಗೆ ತಿಳಿಸಬೇಕು.

ಲಸಿಕೆ ಸರಿಯಾಗಿ ಹಾಕಿಸಿರುವ ನಾಯಿಗೆ ಸ್ಕಂಕ್ ಕಚ್ಚಿದರೆ ಕೂಡಲೇ ಇನ್ನೊಂದು ಲಸಿಕೆ ಕೊಟ್ಟು 45 ದಿನ ಗಮನಿಸುವುದು ಅಲ್ಲಿಯ ಕ್ರಮ. ಲಸಿಕೆಯನ್ನೇ ಹಾಕಿಸದ ನಾಯಿಯಾದರೆ ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಕೂಡಿಹಾಕಬೇಕಾಗುತ್ತದೆ ಅಥವಾ ದಯಾಮರಣ ಕೊಡಬೇಕಾಗುತ್ತದೆ. ಮನೆಯ ಮಕ್ಕಳು ಪ್ರೀತಿಸುವ ನಾಯಿಯ ಪ್ರಾಣ ಒಂದು ಲಸಿಕೆ ಚೀಟಿಯ ಮೇಲೆ ನಿಂತಿರುತ್ತದೆ.

ಮನುಷ್ಯರಿಗೆ ಕಚ್ಚಿದರೆ

ಸ್ಕಂಕ್ ನಿಮ್ಮನ್ನೇ ಕಚ್ಚಿದರೆ, ಪರಚಿದರೆ ಅಥವಾ ಕಚ್ಚಾಡಿ ಬಂದ ನಾಯಿಯ ಮೈಮೇಲಿನ ಹಸಿ ಜೊಲ್ಲು ನಿಮ್ಮ ಗಾಯಕ್ಕೆ ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಅಂದೇ ವೈದ್ಯರ ಬಳಿ ಹೋಗಿ.

ಹಿಂದೆ ಲಸಿಕೆ ಹಾಕಿಸಿಕೊಂಡಿಲ್ಲದವರಿಗೆ ಅಲ್ಲಿ ಇಮ್ಯುನೊಗ್ಲಾಬ್ಯುಲಿನ್ ಜೊತೆಗೆ 4 ಲಸಿಕೆ ಕೊಡುತ್ತಾರೆ. ಮೊದಲ ದಿನವನ್ನು 0 ಎಂದು ಎಣಿಸಿದರೆ 0, 3, 7 ಮತ್ತು 14ನೇ ದಿನಗಳಂದು. ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ 0 ಮತ್ತು 3ನೇ ದಿನ, ಎರಡೇ ಸಾಕು. ಇಮ್ಯುನೊಗ್ಲಾಬ್ಯುಲಿನ್ ಬೇಡ. ನಮ್ಮ ದೇಶದಲ್ಲಿ ನಾಯಿ ಕಚ್ಚಿ ಲಸಿಕೆ ಮುಗಿಸಿದವರು ಬಹಳ ಮಂದಿ ಇದ್ದಾರೆ. ಅಂಥವರು ಆ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಆದರೆ ಹಿಂದಿನ ಕಾಲದಲ್ಲಿ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಈಗಿನದು ತೋಳಿಗೆ ಕೊಡುವ ಸುರಕ್ಷಿತ ಲಸಿಕೆ. ಹೊಕ್ಕುಳದ ಇಂಜೆಕ್ಷನ್ನಿಗೆ ಹೆದರಿ ವೈದ್ಯರಿಂದ ತಪ್ಪಿಸಿಕೊಳ್ಳುವ ಕಾರಣ ಈಗ ಉಳಿದಿಲ್ಲ.

ಇನ್ನೊಂದು ಭಯ ಖರ್ಚಿನದು. ಅಮೆರಿಕದಲ್ಲಿ ಈ ಚಿಕಿತ್ಸೆಗೆ ಸಾವಿರಾರು ಡಾಲರ್ ಬೀಳುತ್ತದೆ. ಮಗನಿಗೆ ಹೊರೆಯಾಗಬಾರದೆಂದು, ಸೊಸೆ ಏನಂದುಕೊಂಡಾಳೋ ಎಂದು, ಸಣ್ಣ ಗಾಯವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಳ್ಳುವ ತಾಯಂದಿರು ನಮ್ಮಲ್ಲಿದ್ದಾರೆ. ಊರಿಗೆ ಹೋದ ಮೇಲೆ ನಮ್ಮ ಡಾಕ್ಟರಿಗೆ ತೋರಿಸಿದರಾಯಿತು ಎಂದು ವಾರಗಟ್ಟಲೆ ಕಾಯುವ ತಂದೆಯರೂ ಇದ್ದಾರೆ. ರೇಬಿಸ್ ಲಕ್ಷಣಗಳು ಕಚ್ಚಿದ ಕೆಲವು ವಾರಗಳ, ಕೆಲವೊಮ್ಮೆ ತಿಂಗಳುಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಕಾಣಿಸಿಕೊಂಡ ಮೇಲೆ ರೋಗಿ ಬದುಕುವುದು ಇಲ್ಲವೇ ಇಲ್ಲವೆನ್ನುವಷ್ಟು ವಿರಳ. ಅದಕ್ಕೆ ಮುನ್ನ ಸರಿಯಾಗಿ ಚಿಕಿತ್ಸೆ ಪಡೆದರೆ ರೋಗ ಬರುವುದೇ ಇಲ್ಲವೆನ್ನಬಹುದು. ಹೊರಡುವ ಮುನ್ನವೇ ಪ್ರವಾಸಿ ವಿಮೆಯಲ್ಲಿ ಪ್ರಾಣಿ ಕಡಿತದ ಚಿಕಿತ್ಸೆ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಲಸಿಕೆಯ ನಡುವೆ ಊರಿಗೆ ಮರಳಬೇಕಾದರೆ ಕೊಟ್ಟ ದಿನಾಂಕಗಳ ಚೀಟಿ ತನ್ನಿ, ಉಳಿದದ್ದನ್ನು ಇಲ್ಲಿ ಮುಂದುವರಿಸಬಹುದು.

ಬಾರದಂತೆ ನೋಡಿಕೊಳ್ಳುವುದು

ಸ್ಕಂಕ್ ಬರುವುದು ಆಹಾರ ಹುಡುಕಿಕೊಂಡು. ಕಸದ ಡಬ್ಬಿಗೆ ಬಿಗಿಯಾದ ಮುಚ್ಚಳವಿರಲಿ. ನಾಯಿಯ ಊಟದ ತಟ್ಟೆ ರಾತ್ರಿ ಹೊರಗಿರುವುದು ಬೇಡ. ಉದುರಿದ ಹಣ್ಣುಗಳನ್ನು ಆರಿಸಿ ತೆಗೆಯಿರಿ. ನಮ್ಮ ಹಿರಿಯರಿಗೆ ಕಾಗೆ, ಅಳಿಲುಗಳಿಗೆ ಒಂದು ಹಿಡಿ ಅನ್ನ ಇಡುವ ಅಭ್ಯಾಸ. ಅದು ಒಳ್ಳೆಯ ಗುಣವೇ. ಆದರೆ ಅಲ್ಲಿ ಹಿತ್ತಲಿನಲ್ಲಿ ಉಳಿದ ಅನ್ನಕ್ಕೆ ರಾತ್ರಿ ಬರುವ ಅತಿಥಿಗಳು ಬೇರೆ. ಜಗಲಿಯ ಕೆಳಗಿನ ಸಂದುಗಳನ್ನು ಮುಚ್ಚಿಸಲು ಮಕ್ಕಳಿಗೆ ಹೇಳಿ. ಮುಚ್ಚುವ ಮುನ್ನ ಒಳಗೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕತ್ತಲಾದ ಮೇಲೆ ನಾಯಿಯನ್ನು ಬಿಡುವ ಮುನ್ನ ಹಿತ್ತಲಿನ ದೀಪ ಹಾಕಿ, ಒಂದೆರಡು ಬಾರಿ ಚಪ್ಪಾಳೆ ತಟ್ಟಿ. ಸ್ಕಂಕ್ ಇದ್ದರೆ ತಾನಾಗಿಯೇ ಹೊರಟುಹೋಗಲು ಅದಕ್ಕೆ ಸಮಯ ಸಿಗುತ್ತದೆ. ನಾಯಿಯ ಕೊರಳಿಗೆ ಹಗ್ಗವಿದ್ದರೆ ಇನ್ನೂ ಕ್ಷೇಮ. ಎದುರಿಗೇ ಸಿಕ್ಕಿ ಬಾಲ ಎತ್ತಿತೆಂದರೆ ಕೂಗಾಡದೆ, ಕಲ್ಲೆಸೆಯದೆ, ಮೆಲ್ಲಗೆ ಹಿಂದೆ ಸರಿಯಿರಿ.

ಪೆರಾಕ್ಸೈಡ್, ಅಡುಗೆ ಸೋಡಾ, ರಬ್ಬರು ಗವಸು, ಟಾರ್ಚ್ ಈ ನಾಲ್ಕನ್ನೂ ಒಂದು ಡಬ್ಬಿಯಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಪಶುವೈದ್ಯರ ಫೋನ್ ನಂಬರನ್ನು ಅದರ ಮುಚ್ಚಳದ ಮೇಲೆ ಬರೆದು ಅಂಟಿಸಿ. ಎಂದಾದರೂ ಒಂದು ರಾತ್ರಿ ಬೇಕಾದೀತು. ಆ ರಾತ್ರಿ ಮೊದಲು ಗವಸು, ಆಮೇಲೆ ಟಾರ್ಚ್, ಕೊನೆಗೆ ಪೆರಾಕ್ಸೈಡ್ ಎಂಬ ಕ್ರಮ ನೆನಪಿರಲಿ. ವಾಸನೆ ಇನ್ನೂ ಹತ್ತು ನಿಮಿಷ ಕಾದರೂ ನಷ್ಟವಿಲ್ಲ.